ಹೆಸರಿಲ್ಲದ ಸಿರಿವಂತರು

ಸಿರಿವಂತನನ್ನು ಕಂಡು ನಗುವುದು ಸಾಹಿತ್ಯಕ್ಕೆ ಹೊಸದಲ್ಲ. ಹಣವುಳ್ಳವನ ಎದುರಿಗೆ ನಗಲು ಧೈರ್ಯ ಸಾಲದ ಲೋಕ ಅವನ ಬೆನ್ನ ಹಿಂದೆ ನಗುತ್ತಲೇ ಬಂದಿದೆ. ಆ ನಗೆಗೆ ಕವಿಗಳೂ ಕಥೆಗಾರರೂ ನಾಟಕಕಾರರೂ ಒಂದು ರೂಪವನ್ನು, ಒಂದು ಮರ್ಯಾದೆಯನ್ನು ಕೊಟ್ಟಿದ್ದಾರೆ. ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ವಿಕೃತವಾದ ವೇಷವನ್ನೂ ಅಲಂಕಾರವನ್ನೂ ಮೊದಲು ಹೇಳಿ, ಅವುಗಳ ಹಿಂದೆಯೇ ಧಾರ್ಷ್ಟ್ಯವನ್ನೂ ಲೌಲ್ಯವನ್ನೂ, ಅಂದರೆ ನಾಚಿಕೆಗೇಡಿತನವನ್ನೂ ಆಸೆಬುರುಕುತನವನ್ನೂ ಸೇರಿಸುತ್ತಾನೆ. ತನಗೆ ಒಪ್ಪದ ಉಡುಗೆ, ತನ್ನದಲ್ಲದ ತೊಡುಗೆ, ಅದರ ಕೆಳಗೆ ಮುಚ್ಚಿಡಲಾಗದ ಆಸೆ: ನಗೆ ಹುಟ್ಟುವ ನೆಲ ಇದು. ಈ ಎಣಿಕೆಯಲ್ಲಿ ಒಂದು ನಂಬಿಕೆ ಅಡಗಿದೆ. ವೇಷವು ಒಪ್ಪಲಿಲ್ಲವೆಂದು ಹೇಳಬೇಕಾದರೆ ವೇಷಕ್ಕಿಂತ ಬೇರೆಯಾದ ಒಬ್ಬ ಮನುಷ್ಯ ಅದರೊಳಗೆ ಇರಲೇಬೇಕು. ವಿಡಂಬನಕಾರ ವೇಷವನ್ನು ಕಿತ್ತೆಸೆಯುತ್ತಾನೆ. ಒಳಗಿನ ಮನುಷ್ಯ ನಾಚುತ್ತಾನೆ. ನೋಡುವವರು ನಕ್ಕು ತಾವೂ ಸ್ವಲ್ಪ ತಿದ್ದಿಕೊಳ್ಳುತ್ತಾರೆ.

ಆದರೆ ವೇಷವನ್ನು ಕಿತ್ತಾಗ ಒಳಗೆ ಯಾರೂ ಇಲ್ಲದಿದ್ದರೆ? ಆಗ ನಗೆಯ ಗತಿ ಏನು? ಸಿರಿವಂತರನ್ನು ಕುರಿತ ಪಾಶ್ಚಾತ್ಯ ವಿಡಂಬನಕಥೆಗಳನ್ನು ಕಾಲಾನುಕ್ರಮದಲ್ಲಿ ಓದುತ್ತ ಬಂದವರಿಗೆ ಈ ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಒಂದೊಂದು ಶತಮಾನ ಕಳೆದಂತೆ ವಸ್ತುಗಳ ಹೆಸರು ಹೆಚ್ಚು ಸ್ಫುಟವಾಗುತ್ತದೆ, ಮನುಷ್ಯರ ಹೆಸರು ಮಸುಕಾಗುತ್ತದೆ. ಹೆಸರು ಅಳಿಸಿಹೋದವನಿಗೆ ಕೀರ್ತಿ ಸಲ್ಲುವುದಿಲ್ಲವೆಂಬುದು ಸಣ್ಣ ಮಾತು; ಅವನಿಗೆ ಪಾಪವೂ ಅಂಟುವುದಿಲ್ಲವೆಂಬುದು ದೊಡ್ಡ ಮಾತು. ಈ ಲೇಖನದಲ್ಲಿ ನಾನು ವಾಚಕರ ಮುಂದಿಡಬಯಸುವುದು ಆ ಎರಡನೆಯ ಮಾತನ್ನು.

ಈ ವಂಶವೃಕ್ಷದ ಬೇರು ರೋಮಿನಲ್ಲಿದೆ. ಕ್ರಿ. ಶ. ಮೊದಲನೆಯ ಶತಮಾನದಲ್ಲಿ, ನೀರೋ ಚಕ್ರವರ್ತಿಯ ಕಾಲದಲ್ಲಿ, ಪೆಟ್ರೋನಿಯಸ್ ಬರೆದನೆನ್ನಲಾದ ‘ಸ್ಯಾಟಿರಿಕಾನ್’ ನಮಗೆ ಪೂರ್ತಿಯಾಗಿ ದೊರೆತಿಲ್ಲ. ದೊರೆತ ಭಾಗಗಳಲ್ಲಿ ದೊಡ್ಡದು ಟ್ರಿಮಾಲ್ಕಿಯೋ ಎಂಬುವನ ಮನೆಯ ಔತಣ. ಈ ಟ್ರಿಮಾಲ್ಕಿಯೋ ಹಿಂದೆ ಗುಲಾಮನಾಗಿದ್ದವನು. ಬಿಡುಗಡೆ ಹೊಂದಿ ವ್ಯಾಪಾರಕ್ಕಿಳಿದು ಅಪಾರವಾಗಿ ಗಳಿಸಿದವನು. ಅವನ ಊಟದ ಮನೆಯಲ್ಲಿ ಗಡಿಯಾರವಿದೆ, ಹೊತ್ತು ಕಳೆದುದನ್ನು ಸಾರಲು ಕಹಳೆಯವನಿದ್ದಾನೆ. ಒಂದರ ಹಿಂದೊಂದು ಬರುವ ಭಕ್ಷ್ಯಗಳಲ್ಲಿ ಯಾವುದೂ ತಾನಾಗಿ ಬರುವುದಿಲ್ಲ. ಪ್ರತಿಯೊಂದೂ ಮತ್ತೊಂದರ ವೇಷದಲ್ಲಿ ಬರುತ್ತದೆ. ಆತಿಥೇಯ ತನ್ನ ವಿದ್ವತ್ತನ್ನು ತೋರಲು ಪುರಾಣಕಥೆಗಳನ್ನು ಹೇಳಹೊರಟು ಎಲ್ಲವನ್ನೂ ಕಲಸಿಹಾಕುತ್ತಾನೆ. ಕೊನೆಗೆ ತನ್ನ ಶವಸಂಸ್ಕಾರದ ಅಭಿನಯವನ್ನೇ ಮಾಡಿಸುತ್ತಾನೆ. ಅದಕ್ಕಾಗಿ ಊದಿದ ಕೊಂಬುಗಳ ಸದ್ದನ್ನು ಕೇಳಿ, ಮನೆಗೆ ಬೆಂಕಿ ಬಿತ್ತೆಂದು ಬಗೆದು, ಬೆಂಕಿ ಆರಿಸುವವರು ಕೊಡಲಿ ಹಿಡಿದು ಒಳನುಗ್ಗುತ್ತಾರೆ!

ಇಷ್ಟೆಲ್ಲ ನಕ್ಕ ಮೇಲೂ ಟ್ರಿಮಾಲ್ಕಿಯೋ ನಮ್ಮ ಕಣ್ಣೆದುರಿಗೆ ಒಬ್ಬ ಮನುಷ್ಯನಾಗಿ ನಿಲ್ಲುತ್ತಾನೆ. ಕಾರಣವಿಷ್ಟೆ: ಅವನು ತನ್ನ ಹಿಂದನ್ನು ಮರೆಮಾಚಿಲ್ಲ. ಮನೆಯ ಗೋಡೆಯ ಮೇಲೆ ಗುಲಾಮರ ಸಂತೆಯ ಚಿತ್ರವನ್ನು ಬರೆಸಿ ಅಲ್ಲಿಂದಲೇ ತನ್ನ ಚರಿತ್ರೆಯನ್ನು ಆರಂಭಿಸಿದ್ದಾನೆ. ಮೊದಲು ಕಳುಹಿಸಿದ ಐದು ಹಡಗುಗಳು ಮುಳುಗಿಹೋದುದನ್ನು ಅತಿಥಿಗಳಿಗೆ ತಾನೇ ಹೇಳುತ್ತಾನೆ. ಊಟದ ನಡುವೆ ಬೆಳ್ಳಿಯ ಅಸ್ಥಿಪಂಜರವೊಂದನ್ನು ಮೇಜಿನ ಮೇಲೆ ಆಡಿಸಿ, ಬಾಳು ಇಷ್ಟೇ ಎಂದು ನಿಟ್ಟುಸಿರಿಡುತ್ತಾನೆ. ಒಡ್ಡತನ, ಹೆದರಿಕೆ, ಹೆಮ್ಮೆ ಎಲ್ಲವೂ ಅವನವೇ. ಅವನ ವೇಷ ಅವನಿಗೆ ಒಪ್ಪುವುದಿಲ್ಲ. ಒಪ್ಪದಿರುವುದೇ ಅವನ ಮನುಷ್ಯತ್ವದ ಗುರುತು.

ಹದಿನೆಂಟು ಶತಮಾನಗಳನ್ನು ದಾಟಿ ಲಂಡನ್ನಿಗೆ ಬಂದರೆ ಚಾರ್ಲ್ಸ್ ಡಿಕನ್ಸ್ 1864-65ರಲ್ಲಿ ಕಂತುಕಂತಾಗಿ ಪ್ರಕಟಿಸಿದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯಲ್ಲಿ ವೆನಿಯರಿಂಗ್ ದಂಪತಿಗಳ ಪರಿಚಯವಾಗುತ್ತದೆ. ವೆನಿಯರ್ ಎಂದರೆ ಅಗ್ಗದ ಮರದ ಮೇಲೆ ಅಂಟಿಸುವ ಬೆಲೆಬಾಳುವ ಮರದ ತೆಳು ಹಾಳೆ. ಹೆಸರಿನಲ್ಲೇ ಕಥೆ ಮುಗಿಯಿತು. ಇವರ ಮನೆ ಹೊಸದು, ಬಡಾವಣೆ ಹೊಸದು, ಪೀಠೋಪಕರಣ ಹೊಸದು, ಗೆಳೆಯರು ಹೊಸಬರು. ಮಗು ಕೂಡ ಹೊಸ ಸಾಮಾನಿನಂತೆ ಹೊಳೆಯುತ್ತದೆ. ಅವರ ಔತಣಗಳಿಗೆ ತಪ್ಪದೆ ಬರುವ ಟ್ವೆಮ್ಲೋ ಎಂಬ ಸಾಧು ಮುದುಕನನ್ನು ಡಿಕನ್ಸ್ ಊಟದ ಮೇಜೆಂದೇ ವರ್ಣಿಸುತ್ತಾನೆ. ಎಳೆದು ಉದ್ದಮಾಡಿ ನಡುವೆ ಹಲಗೆ ಸೇರಿಸುವ ಮೇಜಿನ ಹಾಗೆ, ಅತಿಥಿಗಳು ಹೆಚ್ಚಿದಂತೆಲ್ಲ ಟ್ವೆಮ್ಲೋವಿಗೆ ಹಲಗೆ ಹೆಚ್ಚುತ್ತದೆ! ಪಾಪ, ಆ ಮುದುಕನಿಗೆ ತಾನು ಈ ಮನೆಯವರ ಅತ್ಯಂತ ಹಳೆಯ ಸ್ನೇಹಿತನೋ ಅತ್ಯಂತ ಹೊಸ ಸ್ನೇಹಿತನೋ ಎಂಬುದೇ ಬಗೆಹರಿಯದ ಸಮಸ್ಯೆ. ಮನುಷ್ಯರು ಸಾಮಾನುಗಳಾಗುವ ಪ್ರಕ್ರಿಯೆ ಇಲ್ಲಿ ಮೊದಲಾಯಿತು. ಆದರೂ ಟ್ವೆಮ್ಲೋ ಕಾದಂಬರಿಯ ಕೊನೆಯಲ್ಲಿ, ಎಲ್ಲರೂ ಒಬ್ಬ ಬಡ ಹೆಣ್ಣಿನ ಮದುವೆಯನ್ನು ಹೀಗಳೆಯುವಾಗ, ಧೈರ್ಯದಿಂದ ಅವಳ ಪರವಾಗಿ ಮಾತನಾಡುತ್ತಾನೆ. ಮೇಜಿಗೆ ಬಾಯಿ ಬಂತು. ಡಿಕನ್ಸನಿಗೆ ಮನುಷ್ಯನಲ್ಲಿ ಅಷ್ಟು ನಂಬಿಕೆಯಿತ್ತು.

1899ರಲ್ಲಿ ತಾರ್ಸ್ಟೀನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ‘ದಿ ಥಿಯರಿ ಆಫ್ ದಿ ಲೀಷರ್ ಕ್ಲಾಸ್’ ಎಂಬ ಗ್ರಂಥವನ್ನು ಬರೆದು, ಧನಿಕರ ವೆಚ್ಚದ ಹಿಂದಿರುವ ತರ್ಕವನ್ನು ಬಿಡಿಸಿಟ್ಟನು. ಉಪಯೋಗಕ್ಕಾಗಿ ಕೊಳ್ಳುವುದು ಒಂದು. ಕೊಳ್ಳಬಲ್ಲೆನೆಂದು ಇತರರಿಗೆ ಕಾಣಲೆಂದು ಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ವಸ್ತು ನಿರುಪಯೋಗಿಯಾದಷ್ಟೂ ಒಳ್ಳೆಯದು, ಏಕೆಂದರೆ ಪೋಲುಮಾಡುವ ಶಕ್ತಿಯೇ ಅಲ್ಲಿ ಪ್ರತಿಷ್ಠೆ. ಗ್ರಂಥವು ಶಾಸ್ತ್ರವಾದರೂ ಅದರ ಧಾಟಿ ಬಹುಮಟ್ಟಿಗೆ ವಿಡಂಬನೆಯದೇ. ಅದರ ಮುಂದಿನ ಕಾಲು ಶತಮಾನದಲ್ಲಿ ಅಮೆರಿಕದ ಕಾದಂಬರಿಕಾರರು ಈ ತರ್ಕಕ್ಕೆ ರಕ್ತಮಾಂಸಗಳನ್ನು ಕೊಟ್ಟರು.

ಸಿಂಕ್ಲೇರ್ ಲೂಯಿಸನ ‘ಬ್ಯಾಬಿಟ್’ ಪ್ರಕಟವಾದುದು 1922ರಲ್ಲಿ. ಜೀನಿತ್ ಎಂಬ ಕಲ್ಪಿತ ನಗರದಲ್ಲಿ ಮನೆ ನಿವೇಶನಗಳ ದಲ್ಲಾಳಿಯಾದ ಜಾರ್ಜ್ ಬ್ಯಾಬಿಟ್ಟನಿಗೆ ವಯಸ್ಸು 46. ಅವನು ಕೋಟ್ಯಧೀಶನಲ್ಲ, ಅನುಕೂಲಸ್ಥ. ಬೆಳಗ್ಗೆ ಅವನನ್ನು ಎಬ್ಬಿಸುವ ಗಡಿಯಾರ ಕೂಡ ದೇಶದಾದ್ಯಂತ ಜಾಹೀರಾತು ಪಡೆದದ್ದು. ಅಂಥ ಗಡಿಯಾರದಿಂದ ಎಚ್ಚರಗೊಳ್ಳುವುದೇ ಅವನಿಗೊಂದು ಅಭಿಮಾನ. ಅವನ ಅಭಿಪ್ರಾಯಗಳೂ ಹೀಗೆಯೇ ಸಿದ್ಧವಸ್ತುಗಳು. ಪತ್ರಿಕೆಯಿಂದ, ಕ್ಲಬ್ಬಿನಿಂದ, ಪಕ್ಷದಿಂದ ತಂದುಕೊಂಡವು. ನಡುವೆ ಒಂದಿಷ್ಟು ಬಂಡಾಯವೆದ್ದು, ನೆರೆಹೊರೆಯವರು ಮುಖ ತಿರುಗಿಸಿದೊಡನೆ ಹೆದರಿ, ಹಳೆಯ ದೊಡ್ಡಿಗೆ ಮರಳುತ್ತಾನೆ. ಆದರೆ ಕಡೆಯ ಪುಟಗಳಲ್ಲಿ, ಯಾರನ್ನೂ ಕೇಳದೆ ಮದುವೆಯಾಗಿ ಬಂದ ಮಗನನ್ನು ಮನೆಯವರೆಲ್ಲ ಬಯ್ಯುತ್ತಿರುವಾಗ, ಬ್ಯಾಬಿಟ್ ಅವನನ್ನು ಪಕ್ಕಕ್ಕೆ ಕರೆದು, ತಾನು ಜೀವಮಾನದಲ್ಲಿ ತನಗೆ ಬೇಕೆನಿಸಿದ ಒಂದು ಕೆಲಸವನ್ನೂ ಮಾಡಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆಯ ಕ್ಷಣದಲ್ಲಿ ವೇಷದೊಳಗಿನ ಮುಖ ಫಕ್ಕನೆ ಕಾಣಿಸುತ್ತದೆ. 1930ರಲ್ಲಿ ಲೂಯಿಸ್ ನೊಬೆಲ್ ಸಾಹಿತ್ಯ ಬಹುಮಾನ ಪಡೆದ ಮೊದಲ ಅಮೆರಿಕನ್ನನಾದ. ಬ್ಯಾಬಿಟ್ ಎಂಬುದು ಇಂಗ್ಲಿಷ್ ನಿಘಂಟಿನಲ್ಲಿ ಸಾಮಾನ್ಯ ನಾಮಪದವಾಯಿತು. ಒಬ್ಬ ವ್ಯಕ್ತಿಯ ಅಂಕಿತನಾಮ ರೂಢನಾಮವಾಗುವುದೆಂದರೆ ವೈಯಾಕರಣರಿಗೆ ಸ್ವಾರಸ್ಯದ ಸಂಗತಿ. ಆ ವ್ಯಕ್ತಿಗೆ ದುರಂತ.

ಸ್ಕಾಟ್ ಫಿಟ್ಸ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 1925ರದು. ಲೇಖಕ ಈ ಕೃತಿಗೆ ಟ್ರಿಮಾಲ್ಕಿಯೋನ ಹೆಸರನ್ನೇ ಇಡಬೇಕೆಂದು ಒಂದು ಹಂತದಲ್ಲಿ ಯೋಚಿಸಿದ್ದನೆಂಬುದು ಪ್ರಸಿದ್ಧ. ರೋಮಿನ ಔತಣ ನ್ಯೂಯಾರ್ಕಿನ ಬಳಿಯ ಕಡಲ ದಂಡೆಗೆ ಬಂದದ್ದು ಹೀಗೆ. ಗ್ಯಾಟ್ಸ್‌ಬಿಯ ಮನೆಯ ಗ್ರಂಥಾಲಯದಲ್ಲಿ ಒಬ್ಬ ಅತಿಥಿ ಪುಸ್ತಕವೊಂದನ್ನು ತೆರೆದು ನೋಡಿ ಬೆರಗಾಗುತ್ತಾನೆ: ಪುಸ್ತಕಗಳು ನಿಜವಾದವೇ! ಬರಿಯ ರಟ್ಟುಗಳಲ್ಲ. ಆದರೆ ಅವುಗಳ ಹಾಳೆಗಳನ್ನು ಇನ್ನೂ ಕತ್ತರಿಸಿಲ್ಲ. ಹಿಂದೆ ಪುಸ್ತಕದ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು. ಓದುವವನು ಚಾಕುವಿನಿಂದ ಬಿಡಿಸಿಕೊಳ್ಳಬೇಕಾಗಿತ್ತು. ಓದದ ಪುಸ್ತಕಗಳ ನಿಜವಾದ ಗ್ರಂಥಾಲಯ: ಆ ಜೀವನಕ್ಕೆ ಇದಕ್ಕಿಂತ ತೀಕ್ಷ್ಣವಾದ ರೂಪಕ ದೊರೆಯದು. ಔತಣಕ್ಕೆ ನೂರಾರು ಜನ ನೆರೆಯುತ್ತಿದ್ದ ಆ ಮನೆಯ ಒಡೆಯ ಸತ್ತಾಗ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ತಿಂಗಳುಗಟ್ಟಲೆ ಅಲ್ಲಿ ತಂಗಿದ್ದ ಅತಿಥಿಯೊಬ್ಬ ಫೋನು ಮಾಡುತ್ತಾನೆ. ಮರೆತುಹೋದ ತನ್ನ ಟೆನಿಸ್ ಬೂಟುಗಳನ್ನು ಕಳುಹಿಸಿಕೊಡಬೇಕಂತೆ! ಹೀಗಿದ್ದರೂ ಗ್ಯಾಟ್ಸ್‌ಬಿ ಶೂನ್ಯನಲ್ಲ. ಮುದುಕ ತಂದೆ ದೂರದ ಹಳ್ಳಿಗಾಡಿನಿಂದ ಬಂದು, ಹುಡುಗ ಚಿಕ್ಕವನಿದ್ದಾಗ ಪುಸ್ತಕವೊಂದರ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದ ದಿನಚರಿಯನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಎಲ್ಲಿಯೋ ಒಬ್ಬ ಜೇಮ್ಸ್ ಗ್ಯಾಟ್ಸ್ ಇದ್ದ, ಅವನಿಗೊಂದು ಆಸೆಯಿತ್ತು, ಆ ಆಸೆ ತಪ್ಪು ದಾರಿ ಹಿಡಿಯಿತು. ಇಷ್ಟು ತಿಳಿದೊಡನೆ ವಿಡಂಬನೆ ಕರುಣಕ್ಕೆ ತಿರುಗುತ್ತದೆ.

ಇಲ್ಲಿಂದ ಮುಂದೆ ನೆಲವೇ ಬದಲಾಗುತ್ತದೆ. 1991ರಲ್ಲಿ ಬ್ರೆಟ್ ಈಸ್ಟನ್ ಎಲ್ಲಿಸ್ ಎಂಬ ಅಮೆರಿಕದ ತರುಣ ಲೇಖಕ ‘ಅಮೆರಿಕನ್ ಸೈಕೋ’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದು ಹೊರಬರುವ ಮೊದಲೇ ದೊಡ್ಡ ವಿವಾದವಾಗಿತ್ತು. ಒಪ್ಪಂದ ಮಾಡಿಕೊಂಡಿದ್ದ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ 1990ರ ನವೆಂಬರಿನಲ್ಲಿ ಕೈಬಿಟ್ಟಿತು. ವಿಂಟೇಜ್ ಸಂಸ್ಥೆ ಕೈಗೆತ್ತಿಕೊಂಡಿತು. ಅದರಲ್ಲಿನ ಹಿಂಸೆಯ, ಅದರಲ್ಲೂ ಹೆಂಗಸರ ಮೇಲಿನ ಹಿಂಸೆಯ ವರ್ಣನೆಗಳನ್ನು ಖಂಡಿಸಿ ಮಹಿಳಾ ಸಂಘಟನೆಗಳು ಬಹಿಷ್ಕಾರಕ್ಕೆ ಕರೆಕೊಟ್ಟವು. ಆಸ್ಟ್ರೇಲಿಯದಲ್ಲಿ 18 ವರ್ಷ ತುಂಬದವರಿಗೆ ಮಾರಬಾರದೆಂಬ ನಿರ್ಬಂಧ ಬಂತು. 2000ದಲ್ಲಿ ಮೇರಿ ಹ್ಯಾರನ್ ಎಂಬ ಮಹಿಳೆಯೇ ಅದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಕಥೆ ತಿಳಿದಿರುವುದು ಆ ಚಿತ್ರದ ಮೂಲಕ.

ಕಥಾನಾಯಕ ಪ್ಯಾಟ್ರಿಕ್ ಬೇಟ್‌ಮನ್. ವಯಸ್ಸು 26. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನ ಹಣಕಾಸು ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆ. ಕಚೇರಿಯಲ್ಲಿ ಅವನು ನಿಜವಾಗಿ ಏನು ಕೆಲಸ ಮಾಡುತ್ತಾನೆಂಬುದು ಕೊನೆಯವರೆಗೂ ಓದುಗರಿಗೆ ತಿಳಿಯುವುದಿಲ್ಲ. ಕಾದಂಬರಿಯ ಆರಂಭದಲ್ಲೇ ಬರುವ ಒಂದು ಬೆಳಗಿನ ವರ್ಣನೆಯಲ್ಲಿ ಅವನ ಮನೆಯ ಸಾಮಾನುಗಳು, ಮುಖಕ್ಕೆ ಹಚ್ಚುವ ಲೇಪಗಳು, ತೊಡುವ ಉಡುಪುಗಳು, ಒಂದೊಂದೂ ತಯಾರಕರ ಹೆಸರಿನೊಡನೆ, ಪುಟಗಟ್ಟಲೆ ಬರುತ್ತವೆ. ಗೋಡೆಯ ಮೇಲೆ ಹೆಸರಾಂತ ಕಲಾವಿದನ ಚಿತ್ರವಿದೆ. ಅದನ್ನು ತಲೆಕೆಳಗಾಗಿ ತೂಗುಹಾಕಿದ್ದಾನೆಂಬುದು ಬಹಳ ಮುಂದೆ ಹಳೆಯ ಗೆಳತಿಯೊಬ್ಬಳ ಬಾಯಿಂದ ನಮಗೂ ಅವನಿಗೂ ಒಟ್ಟಿಗೆ ತಿಳಿಯುತ್ತದೆ. ಒಬ್ಬ ವ್ಯಕ್ತಿ ಕೋಣೆಯೊಳಗೆ ಬಂದನೆಂದರೆ ಅವನ ಮುಖ ಹೇಗಿತ್ತು, ಕಣ್ಣು ಹೇಗಿತ್ತು ಎಂಬ ಮಾತಿಲ್ಲ. ಕೋಟು ಯಾರದು, ಅಂಗಿ ಯಾರದು, ಟೈ ಯಾರದು, ಪಾದರಕ್ಷೆ ಯಾರದು ಎಂಬ ಪಟ್ಟಿ ಬರುತ್ತದೆ. ‘ಯಾರದು’ ಎಂದರೆ ಧರಿಸಿದವನದಲ್ಲ, ಹೊಲಿದ ಸಂಸ್ಥೆಯದು!

ಇದರ ಪರಿಣಾಮವನ್ನು ಲೇಖಕ ಬಹಳ ಜಾಣತನದಿಂದ ಹಿಂಡಿ ತೆಗೆದಿದ್ದಾನೆ. ಒಂದೇ ಬಗೆಯ ಉಡುಪು, ಒಂದೇ ಬಗೆಯ ಕೂದಲು, ಒಂದೇ ಬಗೆಯ ಕನ್ನಡಕ ಧರಿಸಿದ ಈ ತರುಣರು ಒಬ್ಬರನ್ನೊಬ್ಬರು ಗುರುತಿಸಲಾರರು. ಒಬ್ಬನನ್ನು ಇನ್ನೊಬ್ಬನ ಹೆಸರಿನಿಂದ ಕರೆಯುತ್ತಾರೆ. ಕರೆಸಿಕೊಂಡವನು ತಿದ್ದುವ ಗೋಜಿಗೂ ಹೋಗುವುದಿಲ್ಲ. ಗೆಳೆಯರು ಊಟದ ಮೇಜಿನಲ್ಲಿ ತಮ್ಮ ತಮ್ಮ ವಿಸಿಟಿಂಗ್ ಕಾರ್ಡುಗಳನ್ನು ಹೊರತೆಗೆದು ಹೋಲಿಸಿ ನೋಡುವ ಪ್ರಸಂಗ ಪ್ರಸಿದ್ಧವಾಗಿದೆ. ಎಲ್ಲವೂ ಬಿಳಿಯೇ, ಆದರೆ ಒಂದು ಮೂಳೆಯ ಬಿಳುಪು, ಇನ್ನೊಂದು ಮೊಟ್ಟೆಯ ಚಿಪ್ಪಿನ ಬಿಳುಪು. ಅಚ್ಚುಮೊಳೆಯಲ್ಲಿ ಕೂದಲೆಳೆಯಷ್ಟು ಭೇದ. ಇನ್ನೊಬ್ಬನ ಕಾರ್ಡು ತನ್ನದಕ್ಕಿಂತ ಚೆನ್ನಾಗಿದೆಯೆಂದು ಕಂಡೊಡನೆ ಬೇಟ್‌ಮನ್ನನ ಮೈ ಕಳವಳದಿಂದ ತುಂಬುತ್ತದೆ. ಕಾರ್ಡು ಇರುವುದೇ ಹೆಸರನ್ನು ತಿಳಿಸಲಿಕ್ಕೆ. ಎಲ್ಲರೂ ಅಲ್ಲಿ ಬಣ್ಣವನ್ನು ಓದಿದರು, ಅಕ್ಷರದ ಆಕಾರವನ್ನು ಓದಿದರು. ಹೆಸರನ್ನು ಮಾತ್ರ ಯಾರೂ ಓದಲಿಲ್ಲ.

ಈ ಭಾಗವನ್ನು ಓದಿ ನಗುವವರು ನಮ್ಮ ಕಡೆಯ ಲಗ್ನಪತ್ರಿಕೆಗಳನ್ನೂ ಒಮ್ಮೆ ನೆನೆಯಬಹುದು. ಪತ್ರಿಕೆ ಕೈಗೆ ಬಂದೊಡನೆ ವಧೂವರರ ಹೆಸರನ್ನು ಓದುವ ಮುಂಚೆ ಕಾಗದದ ದಪ್ಪವನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ನಮ್ಮಲ್ಲಿಯೂ ಬೇರೂರಿದೆ. ವಾಲ್ ಸ್ಟ್ರೀಟು ಬಹಳ ದೂರವೇನೂ ಇಲ್ಲ.

ಬೇಟ್‌ಮನ್ ಕೊಲೆಗಾರನೂ ಹೌದು. ಅಥವಾ ಹಾಗೆಂದು ತಾನು ಹೇಳಿಕೊಳ್ಳುತ್ತಾನೆ. ಈ ಕೊಲೆಗಳು ನಡೆದವೋ ಅವನ ತಲೆಯೊಳಗಿನ ಭ್ರಮೆಯೋ ಎಂಬ ಬಗ್ಗೆ ವಿಮರ್ಶಕರಲ್ಲಿ ವಾದವಿದೆ. ನನಗೆ ಮುಖ್ಯವೆನಿಸುವುದು ಬೇರೊಂದು. ಅವನು ತನ್ನ ಅಪರಾಧವನ್ನು ಬಚ್ಚಿಡುವುದಿಲ್ಲ, ಮತ್ತೆ ಮತ್ತೆ ಹೇಳುತ್ತಾನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ತನ್ನ ಉದ್ಯೋಗ ಕೊಲೆ ಮತ್ತು ವಧೆಯೆಂದು ಒಬ್ಬಳಿಗೆ ಹೇಳಿದರೆ, ಇಂಗ್ಲಿಷಿನಲ್ಲಿ ಅದಕ್ಕೆ ಹತ್ತಿರದ ಉಚ್ಚಾರಣೆಯುಳ್ಳ ಕಂಪೆನಿಗಳ ವಿಲೀನ, ಖರೀದಿ ಎಂಬ ಮಾತಾಗಿ ಅದು ಅವಳ ಕಿವಿಗೆ ಬೀಳುತ್ತದೆ. ರಕ್ತದ ಕಲೆಯಾದ ಬಟ್ಟೆಯನ್ನು ಡ್ರೈ ಕ್ಲೀನಿಂಗ್ ಅಂಗಡಿಗೆ ಒಯ್ದರೆ ಅಲ್ಲಿ ಚರ್ಚೆ ಕಲೆ ಹೋಗುವುದೋ ಇಲ್ಲವೋ ಎಂಬುದರ ಮೇಲೆ. ಪಾಲ್ ಓವನ್ ಎಂಬುವನನ್ನು ಕೊಂದು ಅವನ ಮನೆಯಲ್ಲಿ ಹೆಣಗಳನ್ನು ಬಿಟ್ಟು ಬಂದೆನೆಂದು ಹೇಳುವ ಬೇಟ್‌ಮನ್, ಕೆಲವು ಕಾಲದ ಮೇಲೆ ಅಲ್ಲಿಗೆ ಹೋಗಿ ನೋಡುತ್ತಾನೆ: ಮನೆ ಶುಭ್ರವಾಗಿದೆ, ಹೂವಿನ ವಾಸನೆ ತುಂಬಿದೆ, ಮನೆಮಾರಾಟದ ದಲ್ಲಾಳಿ ಹೆಂಗಸು ಗಿರಾಕಿಗಳಿಗೆ ಕೋಣೆಗಳನ್ನು ತೋರಿಸುತ್ತಿದ್ದಾಳೆ. ಅವಳು ಇವನನ್ನು ಒಂದು ಕ್ಷಣ ದಿಟ್ಟಿಸಿ, ಇಲ್ಲಿಂದ ಹೋಗಿಬಿಡೆಂದು ಸೂಚಿಸುತ್ತಾಳೆ. ಆ ಬಡಾವಣೆಯಲ್ಲಿ ಮನೆಯ ಬೆಲೆ ಕೆಡಬಾರದು. ಹೆಣದ ವಿಚಾರ ಆಮೇಲೆ. ಕೊನೆಗೆ ತನ್ನ ವಕೀಲನ ದೂರವಾಣಿ ಯಂತ್ರದಲ್ಲಿ ಎಲ್ಲವನ್ನೂ ತೋಡಿಕೊಂಡು, ಮುಂದೊಂದು ದಿನ ಅವನನ್ನು ಎದುರಿಗೇ ಕೇಳಿದರೆ, ವಕೀಲ ಇವನನ್ನು ಬೇರೆ ಯಾರೋ ಎಂದು ತಿಳಿದು, ಬೇಟ್‌ಮನ್ನನಂಥ ಪುಕ್ಕಲ ಹೀಗೆಲ್ಲ ಮಾಡಿಯಾನೇ ಎಂದು ನಗುತ್ತಾನೆ. ಮೇಲಾಗಿ ಆ ಓವನ್ ಲಂಡನ್ನಿನಲ್ಲಿ ತನ್ನೊಡನೆ ಊಟ ಮಾಡಿದನೆಂದೂ ಹೇಳುತ್ತಾನೆ. ಊಟ ಮಾಡಿದವನು ನಿಜವಾಗಿ ಓವನ್ನನೇ? ಯಾರು ಬಲ್ಲರು? ಅಲ್ಲಿ ಯಾರಿಗೆ ಯಾರ ಗುರುತಿದೆ?

ನಾನು ಆರಂಭದಲ್ಲಿ ಹೇಳಿದ ದೊಡ್ಡ ಮಾತು ಇದೇ. ಪಾಪನಿವೇದನೆಗೆ ಇಬ್ಬರು ಬೇಕು: ನಾನು ಮಾಡಿದೆ ಎನ್ನುವ ಒಬ್ಬ, ನೀನು ಮಾಡಿದೆ ಎಂದು ಗುರುತಿಸುವ ಇನ್ನೊಬ್ಬ. ವಸ್ತುಗಳ ಪಟ್ಟಿಯೇ ವ್ಯಕ್ತಿಯಾದ ಸಮಾಜದಲ್ಲಿ ಎರಡನೆಯವನು ಇಲ್ಲ. ಆದುದರಿಂದ ಮೊದಲನೆಯವನೂ ಉಳಿಯುವುದಿಲ್ಲ. ಬೇಟ್‌ಮನ್ ಶಿಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಶಿಕ್ಷೆಗೆ ಅರ್ಹನಾಗುವಷ್ಟು ಒಬ್ಬ ಮನುಷ್ಯನೆಂದು ಅವನನ್ನು ಯಾರೂ ಎಣಿಸಲಿಲ್ಲ. ಕಾದಂಬರಿ ಬಾಗಿಲಿನ ಮೇಲಿನ ಒಂದು ಫಲಕದೊಡನೆ ಮುಗಿಯುತ್ತದೆ. ಹೊರಹೋಗುವ ದಾರಿ ಅದಲ್ಲವೆಂದು ಆ ಫಲಕ ಸಾರುತ್ತದೆ.

ಈ ಕೃತಿಯ ಕೆಲವು ಭಾಗಗಳನ್ನು ಕುರಿತು ತರಗತಿಯಲ್ಲಿ ಮಾತನಾಡಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ವಿಡಂಬನೆಯೆಂದರೆ ನಗಬೇಕಲ್ಲವೆ? ಇಲ್ಲಿ ನಗುವುದಕ್ಕೆ ಒಬ್ಬ ಮನುಷ್ಯನೂ ಇಲ್ಲ. ಸಾಯುವ ಹೆಂಗಸರಿಗಂತೂ ಹೆಸರೂ ಇಲ್ಲ. ಇದನ್ನು ನಾವೇಕೆ ಓದಬೇಕು?” ಎಂದು ಕೇಳಿದಳು. ಕೇಳಿದ ಪ್ರಶ್ನೆಯಲ್ಲಿ ಎರಡು ಆಕ್ಷೇಪಗಳಿದ್ದವು, ಎರಡೂ ತೂಕವುಳ್ಳವು.

ಮೊದಲನೆಯದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲೇ ಉತ್ತರವಿದೆಯೆಂದು ನನಗೆ ತೋರುತ್ತದೆ. ಈ ಕಾದಂಬರಿಯ ಮೊದಲ ಭಾಗ ಹಾಸ್ಯ. ಮುಂದೆ ಅದು ಬೀಭತ್ಸವಾಗುತ್ತದೆ. ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಒಂದು ರಸದಿಂದ ಇನ್ನೊಂದಕ್ಕೆ ಹೊರಳುವಾಗ ಸಾಮಾನ್ಯವಾಗಿ ಶೈಲಿ ಬದಲಾಗಬೇಕು. ಇಲ್ಲಿ ಬದಲಾಗುವುದಿಲ್ಲ. ಕೋಟು ಅಂಗಿಗಳನ್ನು ಎಣಿಸಿದ ಅದೇ ಸಮಸ್ವರದಲ್ಲಿ ಕಥಾನಾಯಕ ಕ್ರೌರ್ಯವನ್ನೂ ಎಣಿಸುತ್ತಾನೆ. ಮರುಪುಟದಲ್ಲಿ ಅದೇ ಸ್ವರದಲ್ಲಿ ಯಾವುದೋ ಜನಪ್ರಿಯ ಗಾಯಕಿಯ ಧ್ವನಿಮುದ್ರಿಕೆಗಳ ಗುಣಾವಗುಣಗಳನ್ನು ವಿವರಿಸುತ್ತಾನೆ. ವಸ್ತುಗಳನ್ನು ಎಣಿಸುತ್ತ ನಕ್ಕ ಓದುಗ, ಎಣಿಕೆ ನಿಲ್ಲದೆ ಮುಂದುವರಿದುದನ್ನು ಕಂಡು ತನ್ನ ನಗೆಯನ್ನು ಗಂಟಲಲ್ಲೇ ಹಿಡಿಯಬೇಕಾಗುತ್ತದೆ. ಬೇಟ್‌ಮನ್ ತನ್ನ ಪ್ರೇಯಸಿಗೆ ಒಮ್ಮೆ ಬಹು ಹೊಲಸಾದ, ತಿನ್ನಲಾಗದ ವಸ್ತುವೊಂದಕ್ಕೆ ಚಾಕೊಲೇಟು ಸುರಿದು, ಹೆಸರಾಂತ ಸಂಸ್ಥೆಯೊಂದರ ಡಬ್ಬಿಯಲ್ಲಿಟ್ಟು ಕೊಡುತ್ತಾನೆ. ಅವಳು ಕಷ್ಟಪಟ್ಟು ನಗುತ್ತ ತಿನ್ನುತ್ತಾಳೆ. ಡಬ್ಬಿಯ ಮೇಲಿನ ಹೆಸರು ನಾಲಗೆಯ ಸಾಕ್ಷಿಯನ್ನು ಗೆದ್ದಿತು. ಈ ಒಂದು ಪ್ರಸಂಗದಲ್ಲಿ ಹಾಸ್ಯವೂ ಜುಗುಪ್ಸೆಯೂ ಒಂದೇ ತುತ್ತಿನಲ್ಲಿವೆ.

ಎರಡನೆಯ ಆಕ್ಷೇಪಕ್ಕೆ ಅಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ಹೆಂಗಸರನ್ನು ವಸ್ತುಗಳಾಗಿ ಕಾಣುವವನ ಕಣ್ಣಿನಿಂದಲೇ ಕಥೆಯನ್ನೆಲ್ಲ ಹೇಳಿಸಿದ ಕಾರಣ, ಲೇಖಕ ಖಂಡಿಸಹೊರಟ ಕುರುಡುತನ ಕೃತಿಗೂ ಸ್ವಲ್ಪ ಅಂಟಿಕೊಂಡಿದೆ. ಮನೆಯಿಲ್ಲದೆ ಬೀದಿಯಲ್ಲಿ ಬಿದ್ದ ಆಲ್ ಎಂಬ ಭಿಕ್ಷುಕನಿಗೆ ಕನಿಷ್ಠಪಕ್ಷ ಒಂದು ಹೆಸರಿದೆ. ಕಣ್ಣು ಕಳೆದುಕೊಂಡ ಮೇಲೆ ಇನ್ನೊಮ್ಮೆ ಅವನು ನಮಗೆ ಕಾಣಸಿಗುತ್ತಾನೆ. ಆ ಹೆಂಗಸರಲ್ಲಿ ಅನೇಕರಿಗೆ ಅಷ್ಟೂ ಇಲ್ಲ. ಆದ್ದರಿಂದ ಇದನ್ನು ದೊಡ್ಡ ಕೃತಿಯೆನ್ನಲು ನಾನು ಹಿಂಜರಿಯುತ್ತೇನೆ; ತೀಕ್ಷ್ಣವಾದ ಕೃತಿಯೆನ್ನಲು ಹಿಂಜರಿಯುವುದಿಲ್ಲ. ಪ್ರಾಯದ ವಿದ್ಯಾರ್ಥಿಗಳಿಗೆ ಮುನ್ನೆಚ್ಚರಿಕೆಯಿಲ್ಲದೆ ಕೈಗೆ ಕೊಡತಕ್ಕ ಪುಸ್ತಕವೂ ಇದಲ್ಲ.

ಕನ್ನಡದ ಪಾಠ ಹೇಳುವವನಿಗೆ ಇಲ್ಲಿ ಪಂಪನ ಕರ್ಣ ನೆನಪಾಗದಿರಲಾರ. ಕರ್ಣನಿಗೂ ಗುರುತಿನದೇ ಸಂಕಟ. ತಾಯಿ ಯಾರು, ಕುಲ ಯಾವುದು ಎಂಬುದು ಬೇಕಾದ ಕಾಲದಲ್ಲಿ ತಿಳಿಯಲಿಲ್ಲ, ತಿಳಿದಾಗ ಬೇಕಾಗಲಿಲ್ಲ. ಅವನ ಮೈಮೇಲೆ ಹುಟ್ಟಿನೊಡನೆ ಬಂದ ಎರಡು ವಸ್ತುಗಳಿದ್ದವು, ಕವಚ ಮತ್ತು ಕುಂಡಲ. ವಸ್ತುವಿನಿಂದ ಮನುಷ್ಯನನ್ನು ಗುರುತಿಸಬಹುದಾಗಿದ್ದರೆ ಲೋಕದಲ್ಲಿ ಅವುಗಳಿಗಿಂತ ಖಚಿತವಾದ ಗುರುತಿಲ್ಲ. ಅವನ್ನು ಬೇಡಿದವನಿಗೆ ಕೊಯ್ದು ಕೊಟ್ಟ ಮೇಲೆಯೇ ಅವನು ನಮ್ಮ ನೆನಪಿನ ಕರ್ಣನಾದದ್ದು. ಕೊಟ್ಟು ಹೆಸರಾದ ಅವನೆಲ್ಲಿ, ಕೊಂಡು ಕೊಂಡು ಹೆಸರಳಿದ ಈ ಬೇಟ್‌ಮನ್ ಎಲ್ಲಿ! ಹೋಲಿಕೆ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಸಿರಿಯನ್ನು ಕುರಿತ ವಿಡಂಬನೆಗಳೆಲ್ಲ ಕಟ್ಟಕಡೆಗೆ ಈ ಒಂದೇ ಅಳತೆಗೋಲನ್ನು ಹಿಡಿದಿವೆ: ತನ್ನಲ್ಲಿರುವುದನ್ನು ಕಳಚಿಟ್ಟ ಮೇಲೆ ಮನುಷ್ಯನಲ್ಲಿ ಏನು ಉಳಿಯುತ್ತದೆ?

ನಮ್ಮ ಭಾಷೆಯಲ್ಲಿಯೇ ಈ ಪ್ರಶ್ನೆಯನ್ನು ಬೆಂಗಳೂರಿನ ಒಂದು ಮನೆಯೊಳಗೆ ತಂದಿಟ್ಟ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಕನ್ನಡದಲ್ಲಿ ಪ್ರಕಟವಾದ ಈ ನೀಳ್ಗತೆ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಿಗೂ ಹೋಯಿತು. ಇದನ್ನು ಪೂರ್ತಿ ವಿಡಂಬನೆಯೆಂದು ಕರೆಯಲಾಗದು. ದನಿ ಬಹಳ ಮೆಲುವಾದದ್ದು. ಇಲ್ಲಿ ಸಾಮಾನುಗಳ ಮೇಲೆ ವಿದೇಶಿ ತಯಾರಕರ ಮುದ್ರೆಯಿಲ್ಲ, ಕೊಲೆಯ ವರ್ಣನೆಯಿಲ್ಲ. ಚಹಾಪುಡಿ ಮಾರುವ ತಂದೆಯ ಸಂಬಳದಲ್ಲಿ, ಇರುವೆಗಳ ಕಾಟದ ಪುಟ್ಟ ಮನೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಬಾಳುತ್ತಿದ್ದ ಸಂಸಾರ, ಚಿಕ್ಕಪ್ಪ ಸೋನಾ ಮಸಾಲೆಯ ವ್ಯಾಪಾರ ಆರಂಭಿಸಿದ ಮೇಲೆ ಹಠಾತ್ತನೆ ಸಿರಿವಂತವಾಗುತ್ತದೆ. ಹೊಸ ಮನೆ ಬರುತ್ತದೆ. ಅದಕ್ಕೆ ಹೊಂದುತ್ತವೋ ಇಲ್ಲವೋ ಎಂದು ನೋಡದೆ ಕೊಂಡು ತಂದ ಸಾಮಾನುಗಳು ಬರುತ್ತವೆ. ಕಥೆ ಹೇಳುವ ತರುಣ ಅದೇ ಕಂಪೆನಿಯ ನಿರ್ದೇಶಕ. ಕೆಲಸ ಮಾತ್ರ ಏನೂ ಇಲ್ಲ. ದುಡಿಯದೆ ಪಡೆಯುವ ಹಣವನ್ನು ಹೆಂಡತಿ ಅನಿತಾ ಪ್ರಶ್ನಿಸಿದಾಗ ಅವನಲ್ಲಿ ಉತ್ತರವಿಲ್ಲ. ಮುಖ್ಯವಾಗಿ ಗಮನಿಸತಕ್ಕದ್ದು, ಕಥೆಯುದ್ದಕ್ಕೂ ಈ ನಿರೂಪಕನಿಗೆ ಹೆಸರಿಲ್ಲ.

ಈ ಮನೆಯ ಬಾಗಿಲಿಗೆ ಒಂದು ದಿನ ಒಬ್ಬ ಹೆ‌ಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಬರುತ್ತಾಳೆ; ಅವನಿಗೆ ಪ್ರಿಯವೆಂದು ಕೆಂಪು ತೊಗರಿಯಂತಿರುವ ಮಸೂರ ಬೇಳೆಯ ಸಾರು ಮಾಡಿ ತಂದಿದ್ದಾಳೆ. ಮನೆಯ ಹೆಂಗಸರು ಅವಳನ್ನು ಬಯ್ದು ಅಟ್ಟುತ್ತಾರೆ. ತಂದ ಸಾರು ನೆಲದ ಪಾಲಾಗುತ್ತದೆ. ಚಿಕ್ಕಪ್ಪ ಒಳಗಿದ್ದೂ ಹೊರಬರುವುದಿಲ್ಲ. ನಿರೂಪಕನೂ ಸುಮ್ಮನೆ ನೋಡುತ್ತಾನೆ. ಅಲ್ಲಿ ತಪ್ಪು ಮಾಡಿದವರು ಯಾರು? ಎಲ್ಲರೂ ಮನೆಯ ಒಗ್ಗಟ್ಟಿನ ಮರೆಯಲ್ಲಿ ನಿಂತಿದ್ದಾರೆ. ಮುಂದೆ ಬಂದು ನಾನು ಎನ್ನುವವರಿಲ್ಲ. ಮ್ಯಾನ್‌ಹಟನ್ನಿನ ಪಟ್ಟಿಗಳಿಂದ ಎಲ್ಲಿಸ್ ಮುಟ್ಟಿದ ಜಾಗವನ್ನೇ ಶಾನಭಾಗರು ಸಾರಿನ ವಾಸನೆಯಿಂದ ಮುಟ್ಟಿದ್ದಾರೆ. ಸಿರಿವಂತರ ಕಥೆಯನ್ನು ಅಳೆಯಬೇಕಾದುದು ಒಳಗಿನ ಸಾಮಾನುಗಳಿಂದಲ್ಲ, ಬಾಗಿಲ ಹೊರಗೆ ನಿಂತವರಿಂದ ಎಂಬುದು ಈ ಪ್ರಸಂಗವನ್ನು ಓದಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಆದರೂ ಎರಡು ಕೃತಿಗಳಿಗೂ ಒಂದು ಭೇದವಿದೆ, ಅದು ಸಣ್ಣದಲ್ಲ. ಬೇಟ್‌ಮನ್ನನ ನ್ಯೂಯಾರ್ಕಿನಲ್ಲಿ ರಕ್ತವನ್ನು ಕಂಡವರಿಗೂ ಅದು ರಕ್ತವೆಂದು ತೋರುವುದಿಲ್ಲ. ‘ಘಾಚರ್ ಘೋಚರ್’ ಕಥೆ ನಡೆಯುವುದು ಕಾಫಿ ಹೌಸೊಂದರಲ್ಲಿ ಕುಳಿತ ನಿರೂಪಕನ ನೆನಪಿನ ಮೂಲಕ. ಅಲ್ಲಿ ವಿನ್ಸೆಂಟ್ ಎಂಬ ಮಾಣಿ ಇದ್ದಾನೆ. ದೊಡ್ಡ ಮನೆಯವರಲ್ಲಿ ಯಾರೂ ಆಡದ ಮಾತನ್ನು ಕೊನೆಯಲ್ಲಿ ಅವನು ಆಡುತ್ತಾನೆ: ಗಿರಾಕಿಯ ಕೈಗೆ ರಕ್ತ ಅಂಟಿರುವುದನ್ನು ಕಂಡು, ಕೈ ತೊಳೆದುಕೊಳ್ಳಬೇಕೆಂದು ವಿನಯದಿಂದ ಎಚ್ಚರಿಸುತ್ತಾನೆ. ಹೆಸರಿಲ್ಲದ ಸಿರಿವಂತನನ್ನು ಗುರುತಿಸಿದವನು, ಹೆಸರುಳ್ಳ ಒಬ್ಬ ಮಾಣಿ. ಕಾಣುವ ಕಣ್ಣು ಒಂದು ಉಳಿದಿರುವವರೆಗೆ ವಿಡಂಬನೆಗೂ ಕೆಲಸ ಉಳಿದಿದೆ.